ಎಲ್ಲರ ಗೂರಲೂ ಒಂದೇ ಅಲ್ಲ

ಮದನಪಲ್ಲಿ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಗೂರಲು ಇರುವವರ ರಕ್ತದ ರಿಪೋರ್ಟಿನಲ್ಲಿ ‘ಇಸ್ನೋಫಿಲ್ ಜಾಸ್ತಿ’ ಅಂತ ಬಂದರೆ ಸಾಕು, ಚರ್ಚೆ ಶುರು. ಇಸ್ನೋಫಿಲ್ ಎಂದರೆ ಒಂದು ಬಗೆಯ ಬಿಳಿ ರಕ್ತಕಣ. ಅದರ ಕಥೆಯ ಒಂದು ಮುಖ್ಯ ತುಂಡು ಇದೇ ಊರಿನ ಪಕ್ಕದಲ್ಲಿ ನಡೆದಿದೆ.

ಆರೋಗ್ಯವರಂ ಟಿಬಿ ಆಸ್ಪತ್ರೆಯ ಡಾಕ್ಟರುಗಳಾದ ಫ್ರಿಮೋಟ್-ಮುಲ್ಲರ್ ಮತ್ತು ಬಾರ್ಟನ್ 1940ರಲ್ಲಿ ಒಂದು ವಿಚಿತ್ರ ವರದಿ ಬರೆದರು. ಕೆಲವರ ಎಕ್ಸ್‌ರೇ ಥೇಟ್ ಟಿಬಿಯಂತೆ ಕಾಣುತ್ತಿತ್ತು. ಕಫದಲ್ಲಿ ಟಿಬಿ ರೋಗಾಣು ಮಾತ್ರ ಇರಲಿಲ್ಲ. ರಕ್ತದಲ್ಲಿ ಇಸ್ನೋಫಿಲ್ ವಿಪರೀತ. ಇದು ಆನೆಕಾಲು ರೋಗದ ಹುಳಕ್ಕೆ ಶ್ವಾಸಕೋಶ ತೋರಿಸುವ ಸಿಟ್ಟು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ರಾತ್ರಿ ಕೆಮ್ಮು, ಉಬ್ಬಸ ಎರಡೂ ಇರುವುದರಿಂದ ಈಗಲೂ ಆಸ್ತಮಾ ಅಂದುಕೊಳ್ಳುವುದುಂಟು. ಮದ್ದು ಮಾತ್ರ ಬೇರೆಯೇ, ಆ ಆನೆಕಾಲು ಹುಳವನ್ನು ಕೊಲ್ಲುವ ಮಾತ್ರೆ.

ಅಪ್ಪಟ ಆಸ್ತಮಾದಲ್ಲೂ ಇಂಥ ಒಳಭೇದ ಇದೆ. ಇಂಗ್ಲೆಂಡಿನ ಡಾಕ್ಟರ್ ಮಾರೋ ಬ್ರೌನ್ ಅದನ್ನು 1958ರಲ್ಲೇ ತೋರಿಸಿದ್ದರು. ಆಗ ಸ್ಟೆರಾಯ್ಡ್ ಹೊಸದು, ಆಸ್ತಮಾಕ್ಕೆ ಅಷ್ಟೇನೂ ಪ್ರಯೋಜನವಿಲ್ಲ ಎಂಬ ಮಾತಿತ್ತು. ಇವರು ರೋಗಿಗಳ ಕಫವನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರು. ಕಫದಲ್ಲಿ ಇಸ್ನೋಫಿಲ್ ಇದ್ದವರಿಗೆ ಸ್ಟೆರಾಯ್ಡಿನಿಂದ ಗುಣ ಕಂಡಿತು, ಇಲ್ಲದವರಿಗೆ ಇಲ್ಲ. ಇಷ್ಟು ಸರಳ ವಿಷಯವನ್ನು ವೈದ್ಯಲೋಕ ದಶಕಗಳ ಕಾಲ ಮೂಲೆಗೆ ಹಾಕಿತು!

ತಾನಾಗಿ ಕಫ ಬಾರದವರನ್ನು ಏನು ಮಾಡುವುದು? ಉಪ್ಪುನೀರಿನ ಮಂಜಿನಂಥ ತುಂತುರು ಎಳೆಸಿ ಕೆಮ್ಮಿಸುವ ವಿಧಾನವನ್ನು 1992ರಲ್ಲಿ ಕೆನಡಾದವರು ಹದಕ್ಕೆ ತಂದರು. 2006ರಲ್ಲಿ ಆಸ್ಟ್ರೇಲಿಯಾದ ತಂಡ ಕಫದ ಕಣ ನೋಡಿ ಆಸ್ತಮಾವನ್ನು ನಾಲ್ಕು ಗುಂಪು ಮಾಡಿತು: ಇಸ್ನೋಫಿಲ್ ಹೆಚ್ಚಿರುವುದು, ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಹೆಚ್ಚಿರುವುದು, ಎರಡೂ ಇರುವುದು, ಎರಡೂ ಹೆಚ್ಚಿಲ್ಲದ್ದು.

ಇದು ಸುಮ್ನೆ ಹೆಸರಿಡುವ ಆಟ ಅಲ್ಲ. ಮೆಪೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಇಸ್ನೋಫಿಲ್ ಇಳಿಸುತ್ತದೆ. ಭೇದ ಮಾಡದೆ ಆಸ್ತಮಾದವರಿಗೆ ಕೊಟ್ಟಾಗ ಅದು ಸೋತಿತ್ತು, 2007ರ ಪ್ರಯೋಗವೂ ಹಾಗೇ ಆಯಿತು. 2009ರಲ್ಲಿ ಇಸ್ನೋಫಿಲ್ ಇದ್ದವರನ್ನೇ ಆರಿಸಿ ಕೊಟ್ಟರು. ಉಬ್ಬಸ ಉಲ್ಬಣಿಸುವುದು ಚೆನ್ನಾಗಿಯೇ ಕಮ್ಮಿಯಾಯಿತು. ಔಷಧಿ ಅದೇ, ರೋಗಿಗಳು ಬೇರೆ. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಕಫದ ಕಣ ಎಣಿಸುವ ಲ್ಯಾಬ್ ಸಣ್ಣ ಊರಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ರಕ್ತದ ಲೆಕ್ಕವೇ ಗತಿ. ದೊಡ್ಡ ಆಸ್ಪತ್ರೆಯಲ್ಲಾದರೆ ಇಸ್ನೋಫಿಲ್ ಬಗೆಯ ಆಸ್ತಮಾದ ಸುಳಿವು ಕೊಡುವ, ಬಿಟ್ಟ ಉಸಿರಿನ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಅಳೆಯುವ ಯಂತ್ರವೂ ಇರಬಹುದು. ರಕ್ತದ ಲೆಕ್ಕ ಮೋಸ ಮಾಡುವುದೂ ಉಂಟು. ಹೊಟ್ಟೆಹುಳ ಇದ್ದರೂ ಇಸ್ನೋಫಿಲ್ ಏರುತ್ತದೆ, ಸ್ಟೆರಾಯ್ಡ್ ಮಾತ್ರೆ ನುಂಗಿದ್ದರೆ ಇಳಿಯುತ್ತದೆ. ರಿಪೋರ್ಟು ತೋರಿಸುವಾಗ ಮೆಡಿಕಲ್ ಶಾಪಿನಿಂದ ತಂದು ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಡಾಕ್ಟರ ಮುಂದಿಡಿ.