ಪಿಯುಸಿಯಲ್ಲಿ ಶೇ 94, ನೀಟ್‌ನಲ್ಲಿ 396: ಮಗಳನ್ನು ಲಾಂಗ್ ಟರ್ಮ್‌ಗೆ ಸೇರಿಸಬೇಕಾ?

ಪ್ರಶ್ನೆ: ಸರ್, ನಮ್ಮದು ಗೌರಿಬಿದನೂರು ಪಕ್ಕದ ಹಳ್ಳಿ. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಶೇ 94 ಬಂತು, ನೀಟ್‌ನಲ್ಲಿ 396. ಮತ್ತೆ ನೀಟ್ ಬರೆಯೋಕೆ ಇನ್ನೊಂದು ವರ್ಷ ಕೋಚಿಂಗ್‌ನ ಲಾಂಗ್ ಟರ್ಮ್‌ಗೆ ಕಳಿಸಿ ಅಂತಾಳೆ, ಅವರಪ್ಪ ಬೇಡ ಅಂತಾರೆ. ಅವಳಿಗೆ ಮೆಡಿಕಲ್ ಓದೋ ಶಕ್ತಿ ಇದೆಯಾ ಅಂತ ತಿಳಿಯೋದು ಹೇಗೆ?

ಉತ್ತರ: ಅಮ್ಮಾ, ಬರೀ 396 ನೋಡಿ ಏನೂ ಹೇಳೋಕಾಗಲ್ಲ. ಆ 396 ಹೇಗೆ ಬಂತು ಅಂತ ನೋಡಬೇಕು.

ಮೆಡಿಕಲ್ ಸೀಟಿಗೆ ಬರೆಯುವ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4 ಸಿಗುತ್ತದೆ, ತಪ್ಪಿಗೆ 1 ಹೋಗುತ್ತದೆ. ಒಬ್ಬಳು 99 ಸರಿ ಬರೆದು ಉಳಿದ 81 ಮುಟ್ಟದೇ ಬಿಟ್ಟರೂ 396. ಇನ್ನೊಬ್ಬಳು 111 ಸರಿ, 48 ತಪ್ಪು ಮಾಡಿ, 21 ಬಿಟ್ಟರೂ 396. ಮೊದಲನೆಯವಳಿಗೆ ಓದಿದ್ದು ಗಟ್ಟಿಯಾಗಿದೆ, ಪಾಠ ಪೂರ್ತಿ ಮುಗಿದಿಲ್ಲ. ಎರಡನೆಯವಳಿಗೆ ಎಲ್ಲವೂ ಅರ್ಧಂಬರ್ಧ ಗೊತ್ತು. ಇಬ್ಬರಿಗೂ ಒಂದೇ ಔಷಧಿ ಕೊಟ್ಟರೆ ಆಗಲ್ಲ ಅಲ್ವಾ?

ಹಾಗಾಗಿ ಪ್ರಶ್ನೆಪತ್ರಿಕೆ ಮತ್ತು ಓಎಂಆರ್ ಪ್ರತಿ (ಉತ್ತರದ ಸುತ್ತು ತುಂಬಿದ ಹಾಳೆ) ಮುಂದಿಟ್ಟುಕೊಂಡು ಕೂರಲು ಹೇಳಿ. ಪ್ರತಿ ತಪ್ಪಿನ ಪಕ್ಕ ಕೆಂಪು ಪೆನ್ನಲ್ಲಿ ಒಂದು ಮಾತು ಬರೆಯಲಿ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಸುಮ್ನೆ ಊಹೆ ಮಾಡಿದೆ. ಬೈಯಬೇಡಿ, ಬೈದರೆ ನಿಜ ಬರೆಯಲ್ಲ.

ಗೊತ್ತಿದ್ದೂ ತಪ್ಪಿದ್ದು ಜಾಸ್ತಿ ಇದ್ದರೆ ನನಗೆ ಭರವಸೆ ಬರುತ್ತದೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ‘ತಪ್ಪಾದ ಹೇಳಿಕೆ ಯಾವುದು’ ಅಂತ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಗಡಿಬಿಡಿಯಲ್ಲಿ ‘ಸರಿಯಾದದ್ದು ಯಾವುದು’ ಅಂತ ಓದಿಕೊಂಡು ಬರುತ್ತಾರೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ನೋಡಿ. ಥಟ್ಟನೆ ಸರಿ ಹೇಳಿದರೆ ತೊಡಕು ಇರುವುದು ಭಾಷೆಯಲ್ಲಿ, ಬುದ್ಧಿಯಲ್ಲಲ್ಲ. ನೀಟ್ ಕನ್ನಡದಲ್ಲೂ ಬರೆಯಬಹುದು, ಆ ಪತ್ರಿಕೆಯಲ್ಲಿ ಪಕ್ಕದಲ್ಲೇ ಇಂಗ್ಲಿಷೂ ಇರುತ್ತದೆ. ಆದರೆ ಮುಂದೆ ಎಂಬಿಬಿಎಸ್ ಪಾಠ ಇಂಗ್ಲಿಷಿನಲ್ಲೇ, ಅದರಿಂದ ತಪ್ಪಿಸಿಕೊಳ್ಳೋಕಾಗಲ್ಲ.

ಯಾವ ವಿಷಯದಲ್ಲಿ ಅಂಕ ಹೋಗಿದೆ ಅನ್ನೋದೂ ಮುಖ್ಯ. ಹಳ್ಳಿ ಮಕ್ಕಳು ಸಾಮಾನ್ಯವಾಗಿ ಸೋಲುವುದು ಫಿಸಿಕ್ಸ್‌ನಲ್ಲಿ. ಅದು 180 ಅಂಕದ್ದು, ಸೀಟು ಬೇಕಾದರೆ ಬಿಡುವ ಹಾಗಿಲ್ಲ. ಆದರೆ ಎಂಬಿಬಿಎಸ್ ಮೊದಲ ವರ್ಷದಲ್ಲಿ ಓದುವುದು ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಬಯೋಕೆಮಿಸ್ಟ್ರಿ (ದೇಹದೊಳಗಿನ ರಸಾಯನ). ಫಿಸಿಕ್ಸ್ ಕಷ್ಟ ಅಂದ ಮಾತ್ರಕ್ಕೆ ಡಾಕ್ಟರ್ ಆಗಲ್ಲ ಅಂತ ಬರೆದಿಟ್ಟುಕೊಳ್ಳಬೇಡಿ. 360 ಅಂಕದ ಬಯಾಲಜಿಯಲ್ಲೇ ಅರ್ಧಕ್ಕಿಂತ ಕಡಿಮೆ ಇದ್ದರೆ ಮಾತ್ರ ನಾನು ಯೋಚನೆ ಮಾಡುತ್ತೇನೆ.

ಇನ್ನು ಅವಳು ಓದುವ ರೀತಿ. ಪಿಯುಸಿಯ ಶೇ 94 ಇಲ್ಲಿ ದಾರಿ ತಪ್ಪಿಸಬಹುದು. ಹಳೇ ಪ್ರಶ್ನೆಪತ್ರಿಕೆ ನೋಡಿ ಉರು ಹೊಡೆದರೂ ಬೋರ್ಡ್ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬರುತ್ತದೆ. ಒಂದು ಪ್ರಶ್ನೆ ಕೇಳಿ: ‘ಅಪ್ಪ ದಿನವಿಡೀ ಬಿಸಿಲಲ್ಲಿ ದುಡಿದು ಬಂದರೆ ಮೂತ್ರ ಯಾಕೆ ಕಮ್ಮಿಯಾಗಿ, ಕಡು ಹಳದಿಯಾಗಿ ಹೋಗುತ್ತದೆ?’ ಉರು ಹೊಡೆದವಳು ‘ಎಡಿಎಚ್ ಹಾರ್ಮೋನು’ ಅಂದು ನಿಲ್ಲುತ್ತಾಳೆ. ಅರ್ಥ ಮಾಡಿಕೊಂಡವಳು ಬೆವರಿನಿಂದ ಶುರು ಮಾಡುತ್ತಾಳೆ. ನೀರು ಹೋಗಿ ರಕ್ತದಲ್ಲಿ ನೀರಿನಂಶ ಕಮ್ಮಿಯಾಯಿತು, ಮಿದುಳಿನ ಹೈಪೊಥಲಾಮಸ್‌ಗೆ ಅದು ಗೊತ್ತಾಯಿತು, ಪಿಟ್ಯುಟರಿಯಿಂದ ಎಡಿಎಚ್ ಬಂತು, ಕಿಡ್ನಿ ನೀರನ್ನು ವಾಪಸ್ ಎಳೆದುಕೊಂಡಿತು. ನಿಮಗೆ ಆ ಪಾಠ ಗೊತ್ತಿರಬೇಕಿಲ್ಲ. ಮಾತು ಒಂದಕ್ಕೊಂದು ಕೂಡಿಕೊಂಡು ಬಂತಾ ಅಂತ ಕೇಳಿಸಿಕೊಂಡರೆ ಸಾಕು.

ಪುಸ್ತಕಕ್ಕೆಲ್ಲ ಹೈಲೈಟರ್ ಬಳಿದು ಅದನ್ನೇ ಮತ್ತೆ ಮತ್ತೆ ಓದುತ್ತಾಳಾ, ಅಥವಾ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡುತ್ತಾಳಾ? 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ 42, ಒಮ್ಮೆ ಓದಿ ನೆನಪಿನಿಂದ ಬರೆದವರಿಗೆ ಶೇ 56. ಮೆಡಿಕಲ್‌ನಲ್ಲಿ ಈ ಅಭ್ಯಾಸ ಇನ್ನೂ ಜಾಸ್ತಿ ಬೇಕು. ಅಲ್ಲಿ ಸುತ್ತು ತುಂಬುವ ಪರೀಕ್ಷೆ ಮಾತ್ರ ಅಲ್ಲ, ಪುಟಗಟ್ಟಲೆ ಬರೆಯಬೇಕು, ವೈವಾ ಅಂದರೆ ಮೌಖಿಕ ಪರೀಕ್ಷೆಯಲ್ಲಿ ನಿಂತು ಉತ್ತರ ಹೇಳಬೇಕು. ಮೊದಲ ವರ್ಷ ಪಾಸಾಗಲು ಗರಿಷ್ಠ ನಾಲ್ಕೇ ಅವಕಾಶ.

ಲಾಂಗ್ ಟರ್ಮ್ ಫೀಸು ಕಟ್ಟುವ ಮೊದಲು ಒಂದು ತಿಂಗಳು ಮನೆಯಲ್ಲೇ ನೋಡಿ. ಪ್ರತಿ ಭಾನುವಾರ ಮೂರು ಗಂಟೆ ಕೂತು ಹಳೇ ಪತ್ರಿಕೆ ಬಿಡಿಸಲಿ, ತಪ್ಪುಗಳಿಗೆ ಒಂದು ನೋಟ್‌ಬುಕ್ ಇಡಲಿ. ಮೊದಲ ವಾರದ ತಪ್ಪು ನಾಲ್ಕನೇ ವಾರ ಮತ್ತೆ ಬಂದಿಲ್ಲ ಅಂದರೆ, ಅಂಕ ಏರಿದ್ದು ಸ್ವಲ್ಪವೇ ಆದರೂ ಕಳಿಸಿ. ಅವೇ ತಪ್ಪು ಪುನಃ ಪುನಃ ಬರುತ್ತಿದ್ದರೆ ಓದುವ ರೀತಿ ಬದಲಾಗದೆ ಬರೀ ವರ್ಷ ಹೋಗುತ್ತದೆ, ಆಗ ಅವರಪ್ಪನ ಮಾತಿಗೆ ನನ್ನ ಓಟು. ಈ ವರ್ಷ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯನ್ನೂ ಬರೆದಿದ್ದರೆ ಆ ರ‍್ಯಾಂಕಿನಲ್ಲಿ ಪಶುವೈದ್ಯಕೀಯ ಸೀಟು ಸಿಗುತ್ತದಾ ಅಂತಲೂ ನೋಡಿ. ಕೋಲಾರ, ಚಿಕ್ಕಬಳ್ಳಾಪುರದಂಥ ಹಾಲಿನ ಸೀಮೆಯಲ್ಲಿ ಆ ಡಾಕ್ಟರಿಗೂ ಕೆಲಸಕ್ಕೇನೂ ಬರ ಇಲ್ಲ.