ಪದ ಪರಿಚಯ: ಸಾಗರ ಸಂರಕ್ಷಿತ ಪ್ರದೇಶ

ಕಡಲಿನ ಒಂದು ಭಾಗಕ್ಕೆ ನಕ್ಷೆಯ ಮೇಲೆ ಗಡಿ ಹಾಕಿ, ಅದರೊಳಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಕಾನೂನು ಮಾಡಿದರೆ ಅದನ್ನು ಸಾಗರ ಸಂರಕ್ಷಿತ ಪ್ರದೇಶ ಎನ್ನುತ್ತಾರೆ. ಸುದ್ದಿಗಳಲ್ಲಿ ಎಂಪಿಎ ಅಂತ ಬರುವುದು ಇದೇ.

ಎಲ್ಲ ಎಂಪಿಎಗಳೂ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಟ್ರಾಲ್ ಬೋಟ್ ಮಾತ್ರ ಬೇಡ, ಸಣ್ಣ ದೋಣಿ ಬರಬಹುದು. ಕೆಲವು ಕಡೆ ಆಮೆ ಮೊಟ್ಟೆ ಇಡುವ ತಿಂಗಳುಗಳಲ್ಲಷ್ಟೇ ನಿರ್ಬಂಧ. ಎಲ್ಲಕ್ಕಿಂತ ಬಿಗಿಯಾದದ್ದು 'ನೋ-ಟೇಕ್': ಮೀನು, ಏಡಿ, ಚಿಪ್ಪು, ಹವಳ, ಯಾವುದನ್ನೂ ತೆಗೆಯುವ ಹಾಗಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದಲ್ಲ, ಅದು ಕಾಲಕ್ಕೆ ಹಾಕಿದ ಬೇಲಿ. ಆಗಸ್ಟ್ ಬಂತೆಂದರೆ ಮಲ್ಪೆಯ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ನೋ-ಟೇಕ್ ಬೇಲಿ ಹಾಕುವುದು ಜಾಗಕ್ಕೆ. ಅದು ವರ್ಷಪೂರ್ತಿ ಇರುತ್ತದೆ.

2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ದೇಶಗಳು 2030ರೊಳಗೆ ಭೂಮಿಯ ಶೇ. 30 ಮತ್ತು ಕಡಲಿನ ಶೇ. 30 ಭಾಗವನ್ನು ರಕ್ಷಿಸುವ ಗುರಿ ಒಪ್ಪಿಕೊಂಡವು. ಹಾಗಾಗಿ ಈ ಪದ ಇನ್ನು ಜಾಸ್ತಿ ಕಿವಿಗೆ ಬೀಳಲಿದೆ. ಇದನ್ನು ವ್ಯಾಖ್ಯೆಯಿಂದ ತಿಳಿಯುವುದಕ್ಕಿಂತ ಒಂದು ಜಾಗದ ಕಥೆಯಿಂದ ತಿಳಿಯುವುದು ಒಳ್ಳೆಯದು. ಆ ಜಾಗ ಚಾಗೋಸ್.

ಹಿಂದೂ ಮಹಾಸಾಗರದ ನಡುವೆ, ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ದೂರದಲ್ಲಿ ಚಾಗೋಸ್ ದ್ವೀಪಗಳಿವೆ. ಈ ದ್ವೀಪಗಳಿಗೂ ನಮ್ಮ ಉತ್ತರ ಕರ್ನಾಟಕದ ಕರಿಕಲ್ಲಿಗೂ ಹುಟ್ಟಿನ ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಳಗಿಂದ ಲಾವಾ ಉಕ್ಕಿ ದಖ್ಖನ್‌ನ ಕಲ್ಲಿನ ಪದರಗಳಾದವು. ಗೋಳಗುಮ್ಮಟ ಕಟ್ಟಿದ್ದು ಆ ಕಲ್ಲಿನಿಂದಲೇ. ನಮ್ಮ ಭೂಫಲಕ ಉತ್ತರಕ್ಕೆ ಸರಿಯುತ್ತಾ ಹೋಯಿತು, ಆ ಲಾವಾ ಉಕ್ಕುತ್ತಿದ್ದ ಕೆಳಗಿನ ಜಾಗ, ಅಂದರೆ ಬಿಸಿ ಚುಕ್ಕೆ, ಉರಿಯುತ್ತಲೇ ಇತ್ತು. ಅದು ಕಡಲಿನಡಿಯಲ್ಲಿ ಎಬ್ಬಿಸಿದ ಜ್ವಾಲಾಮುಖಿಗಳ ಸಾಲಿನ ಮೇಲೆಯೇ ಇವತ್ತು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಒಂದರ ಕೆಳಗೊಂದು ಕೂತಿವೆ. ಅದೇ ಬಿಸಿ ಚುಕ್ಕೆ ಈಗ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಜ್ವಾಲಾಮುಖಿಗಳು ನಿಧಾನಕ್ಕೆ ಮುಳುಗುತ್ತಾ ಹೋದ ಹಾಗೆ ಅವುಗಳ ಅಂಚಿನ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯಿತು. ಕೊನೆಗೆ ಉಳಿದದ್ದು ನಡುವೆ ತಿಳಿನೀರು, ಸುತ್ತ ಹವಳದ ಉಂಗುರ. ಅಂಥ ಉಂಗುರಕ್ಕೆ ಅಟಾಲ್ ಎನ್ನುತ್ತಾರೆ. ಇಲ್ಲಿನ ಗ್ರೇಟ್ ಚಾಗೋಸ್ ಬ್ಯಾಂಕ್ 12,000 ಚದರ ಕಿ.ಮೀ.ಗೂ ಜಾಸ್ತಿ ಹರಡಿರುವ, ವಿಸ್ತಾರದಲ್ಲಿ ಜಗತ್ತಿನ ಅತಿ ದೊಡ್ಡ ಅಟಾಲ್. ಆದರೆ ಅದರ ಬಹುಪಾಲು ನೀರಿನೊಳಗೇ ಇದೆ. ಇಡೀ ಚಾಗೋಸ್‌ನಲ್ಲಿ ಕಾಲೂರಲು ಸಿಗುವ ನೆಲ 60 ಚದರ ಕಿ.ಮೀ. ಕೂಡ ಇಲ್ಲ.

2010ರ ಏಪ್ರಿಲ್ 1ರಂದು ಬ್ರಿಟನ್ ಸರ್ಕಾರ ಈ ದ್ವೀಪಗಳ ಸುತ್ತಲಿನ ಸುಮಾರು 6 ಲಕ್ಷ 40 ಸಾವಿರ ಚದರ ಕಿ.ಮೀ. ಕಡಲನ್ನು ಎಂಪಿಎ ಎಂದು ಘೋಷಿಸಿತು. ಅದು ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ. ಆಗ ಜಗತ್ತಿನಲ್ಲೇ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ವಾಣಿಜ್ಯ ಮೀನುಗಾರಿಕೆ ಪೂರ್ತಿ ಬಂದ್ ಆಯಿತು.

ಅಲ್ಲಿ ಕಾಯುವಂಥದ್ದು ನಿಜಕ್ಕೂ ಇದೆ. ಹಸಿರು ಆಮೆ, ಹಾಕ್ಸ್‌ಬಿಲ್ ಆಮೆ ಮೊಟ್ಟೆ ಇಡುವ ಮರಳು ದಂಡೆಗಳಿವೆ. ತೆಂಗಿನಕಾಯಿ ಸುಲಿದು ತಿನ್ನುವ ದೊಡ್ಡ ಏಡಿಗಳಿವೆ. ಶಾರ್ಕ್‌ಗಳಿವೆ, ಲಕ್ಷಗಟ್ಟಲೆ ಕಡಲ ಹಕ್ಕಿಗಳಿವೆ. ಈ ಹಕ್ಕಿಗಳ ಮತ್ತು ಹವಳದ ನಡುವೆ ಇರುವ ಸಂಬಂಧವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾಕೆಂದರೆ ಎಂಪಿಎ ಎಂದರೆ ಬರೀ ನೀರಿನ ವಿಷಯ ಅಲ್ಲ ಎಂದು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟದ್ದೇ ಚಾಗೋಸ್.

ಕೆಂಪು ಕಾಲಿನ ಬೂಬಿ, ರೀವದಂಥ ಹಕ್ಕಿಗಳು ದೂರದ ಕಡಲಿಗೆ ಹೋಗಿ ಮೀನು ಹಿಡಿದು ತಿನ್ನುತ್ತವೆ. ಗೂಡಿಗೆ, ರಾತ್ರಿ ತಂಗುವುದಕ್ಕೆ ದ್ವೀಪಕ್ಕೆ ವಾಪಸ್ ಬರುತ್ತವೆ. ಅಲ್ಲಿ ಹಿಕ್ಕೆ ಹಾಕುತ್ತವೆ. ಮಳೆ ಆ ಹಿಕ್ಕೆಯನ್ನು ತೊಳೆದು ದಂಡೆಯ ನೀರಿಗೆ ಇಳಿಸುತ್ತದೆ. ಹವಳದ ಸುತ್ತಲಿನ ನೀರಿನಲ್ಲಿ ಪೋಷಕಾಂಶ ಬಹಳ ಕಡಿಮೆ. ಅಲ್ಲಿಗೆ ಬೀಳುವ ಈ ನೈಟ್ರೋಜನ್ ಪಾಚಿಗೆ ಗೊಬ್ಬರ, ಪಾಚಿ ಮೀನಿಗೆ ಮೇವು. ಆದರೆ ಕೆಲವು ದ್ವೀಪಗಳಿಗೆ ಹಿಂದೆ ಹಡಗುಗಳ ಜೊತೆ ಇಲಿಗಳು ಬಂದಿಳಿದವು. ಅವು ನೆಲದ ಮೇಲಿನ ಮೊಟ್ಟೆ, ಮರಿ ಎಲ್ಲ ತಿಂದು ಹಾಕಿದವು.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನಿಕೊಲಸ್ ಗ್ರಹಾಂ ಮತ್ತು ಸಂಗಡಿಗರು ಇಲಿ ಇರುವ 6 ದ್ವೀಪಗಳನ್ನೂ ಇಲಿ ಇಲ್ಲದ 6 ದ್ವೀಪಗಳನ್ನೂ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಇಲಿ ಇಲ್ಲದ ದ್ವೀಪಗಳಲ್ಲಿ ಹಕ್ಕಿಗಳ ಸಾಂದ್ರತೆ 760 ಪಟ್ಟು ಜಾಸ್ತಿ. ನೆಲಕ್ಕೆ ಬೀಳುವ ನೈಟ್ರೋಜನ್ 251 ಪಟ್ಟು ಜಾಸ್ತಿ. ಪಕ್ಕದ ಹವಳದಲ್ಲಿರುವ ಮೀನಿನ ಒಟ್ಟು ತೂಕ ಶೇ. 48ರಷ್ಟು ಹೆಚ್ಚು. ದಡದ ಮೇಲೆ ಓಡಾಡುವ ಇಲಿ ನೀರಿನೊಳಗಿನ ಮೀನನ್ನು ಕಡಿಮೆ ಮಾಡಿದೆ ಎಂದಾಯಿತು, ಅಲ್ವಾ!

ಈ ವ್ಯತ್ಯಾಸ ಮೀನಿನ ನಡತೆಯಲ್ಲೂ ಕಾಣುತ್ತದೆ. ಜ್ಯುವೆಲ್ ಡ್ಯಾಮ್ಸೆಲ್ ಎಂಬ ಸಣ್ಣ ಮೀನು ಹವಳದ ಕೊಂಬೆಗಳ ನಡುವೆ ತನ್ನದೇ ಪಾಚಿಯ ತೋಟ ಮಾಡಿಕೊಳ್ಳುತ್ತದೆ. ಬೇರೆ ಮೀನು ಹತ್ತಿರ ಬಂದರೆ ನುಗ್ಗಿ ಓಡಿಸುತ್ತದೆ. ಹಕ್ಕಿ ತುಂಬಿದ ದ್ವೀಪದ ಪಕ್ಕದಲ್ಲಿ ಪಾಚಿಗೆ ಸತ್ವ ಚೆನ್ನಾಗಿರುವುದರಿಂದ ಸಣ್ಣ ತೋಟವೇ ಅದಕ್ಕೆ ಸಾಕು, ಅದನ್ನು ಜೋರಾಗಿ ಕಾಯುತ್ತದೆ. ಇಲಿ ಇರುವ ದ್ವೀಪದ ಪಕ್ಕದಲ್ಲಿ ಪಾಚಿ ಸಪ್ಪೆ. ಹೊಟ್ಟೆ ತುಂಬಬೇಕಾದರೆ ಹಲವು ಪಟ್ಟು ದೊಡ್ಡ ಜಾಗ ಬೇಕು. ಅಷ್ಟು ದೊಡ್ಡ ಜಾಗವನ್ನು ಕಾಯುವುದು ಲಾಭದ ಮಾತಲ್ಲ, ಹಾಗಾಗಿ ಮೀನು ಜಗಳವಾಡುವುದನ್ನೇ ಕಡಿಮೆ ಮಾಡುತ್ತದೆ. ಇದು 2023ರಲ್ಲಿ ಪ್ರಕಟವಾದ ಸಂಶೋಧನೆ.

ಇಲಿಯನ್ನು ಓಡಿಸುವುದು ನಕ್ಷೆಯ ಗೆರೆಯಿಂದ ಆಗುವ ಕೆಲಸ ಅಲ್ಲ. ಜನ ದ್ವೀಪಕ್ಕೆ ಇಳಿಯಬೇಕು. ಹಳೇ ತೆಂಗಿನ ತೋಟ ಈಗ ಹಾಳುಬಿದ್ದು ಕಾಡಿನ ಹಾಗೆ ದಟ್ಟವಾಗಿದೆ. ಹಕ್ಕಿಗಳು ಗೂಡು ಕಟ್ಟುವುದು ಜಾಸ್ತಿ ಅಲ್ಲಿನ ಮೂಲ ಮರಗಳಲ್ಲಿ. ಹಾಗಾಗಿ ತೆಂಗು ಕಡಿದು ಆ ಮರಗಳನ್ನು ಮತ್ತೆ ನೆಡಬೇಕು. ಕಡಲಿನ ಕಡೆಯೂ ಹಾಗೇ. ಇಷ್ಟು ದೊಡ್ಡ ನೀರಿಗೆ ಬಹುಕಾಲ ಇದ್ದದ್ದು ಒಂದೇ ಗಸ್ತು ಹಡಗು. ಶಾರ್ಕ್‌ಗಾಗಿ ಕದ್ದು ಬಂದು ಸಿಕ್ಕಿಬಿದ್ದ ದೋಣಿಗಳಲ್ಲಿ ಶ್ರೀಲಂಕಾದವು ಜಾಸ್ತಿ, ನಮ್ಮ ಕನ್ಯಾಕುಮಾರಿ ಕಡೆಯವೂ ಇದ್ದವು.

ಬಿಸಿಯಾದ ನೀರನ್ನಂತೂ ಯಾವ ಗೆರೆಯೂ ತಡೆಯುವುದಿಲ್ಲ. 1998ರ ಬಿಸಿಗೆ ಚಾಗೋಸ್‌ನ ಬಹುಪಾಲು ಹವಳ ಬಿಳಿಚಿಕೊಂಡು ಸತ್ತಿತು. ಸುತ್ತ ಬೇರೆ ಒತ್ತಡ ಇರದಿದ್ದರಿಂದ ಒಂದು ದಶಕದೊಳಗೆ ಚೆನ್ನಾಗಿಯೇ ಚೇತರಿಸಿಕೊಂಡಿತು. 2015 ಮತ್ತು 2016ರಲ್ಲಿ ಬೆನ್ನುಬೆನ್ನಿಗೆ ಮತ್ತೆ ಪೆಟ್ಟು ಬಿತ್ತು. ಎರಡು ಪೆಟ್ಟುಗಳ ನಡುವೆ ಸಮಯ ಸಿಕ್ಕರೆ ಹವಳ ಎದ್ದು ನಿಲ್ಲುತ್ತದೆ. ಆ ಸಮಯವೇ ಈಗ ಕಡಿಮೆಯಾಗುತ್ತಿದೆ.

ಇನ್ನು ಜನರ ವಿಷಯ. 18ನೇ ಶತಮಾನದ ಕೊನೆಯಲ್ಲಿ ಫ್ರೆಂಚರು ತೆಂಗಿನ ತೋಟಕ್ಕಾಗಿ ಮಡಗಾಸ್ಕರ್ ಮತ್ತು ಆಫ್ರಿಕಾ ಮೂಲದ ಜನರನ್ನು ಗುಲಾಮರಾಗಿ ಇಲ್ಲಿಗೆ ತಂದರು. ಆಮೇಲೆ ಭಾರತದಿಂದಲೂ ಕೂಲಿಯವರು ಬಂದರು. ತಲೆಮಾರುಗಳು ಕಳೆದು ಅವರೇ ಚಾಗೋಸಿಯನ್ನರಾದರು. ಕೊಬ್ಬರಿ ಒಣಗಿಸಿದರು, ಒಳಕಡಲಲ್ಲಿ ಮೀನು ಹಿಡಿದು ಉಂಡರು. 1965ರಲ್ಲಿ ಬ್ರಿಟನ್ ಈ ದ್ವೀಪಗಳನ್ನು ಮಾರಿಷಸ್‌ನಿಂದ ಬೇರ್ಪಡಿಸಿ ತನ್ನ ಬಳಿ ಇಟ್ಟುಕೊಂಡಿತು. ಮಾರಿಷಸ್‌ಗೆ ಸ್ವಾತಂತ್ರ್ಯ ಸಿಕ್ಕಿದ್ದು 1968ರಲ್ಲಿ. ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಮಾಡಲು 1968ರಿಂದ 1973ರೊಳಗೆ ಎಲ್ಲ ದ್ವೀಪವಾಸಿಗಳನ್ನೂ ಹೊರಹಾಕಲಾಯಿತು. ಅವರ ಸಾಕುನಾಯಿಗಳನ್ನು ವಿಷದ ಹೊಗೆ ಬಿಟ್ಟು ಕೊಂದರು. ಹಡಗು ಹತ್ತಿಸಿ ಮಾರಿಷಸ್, ಸೇಶೆಲ್ಸ್ ದಡದಲ್ಲಿ ಇಳಿಸಿದರು.

ಎಂಪಿಎ ಘೋಷಣೆಯಾದಾಗ ಈ ಜನ ತಮ್ಮ ಊರಿಗೆ ಮರಳಲು ಕೋರ್ಟಿನಲ್ಲಿ ಹೋರಾಡುತ್ತಿದ್ದರು. 2010ರ ಡಿಸೆಂಬರ್‌ನಲ್ಲಿ ಗುಟ್ಟಿನ ಕಡತಗಳನ್ನು ಬಯಲು ಮಾಡುವ ವಿಕಿಲೀಕ್ಸ್ ಮೂಲಕ ಅಮೆರಿಕದ ಒಂದು ರಾಜತಾಂತ್ರಿಕ ತಂತಿ ಸಂದೇಶ ಹೊರಬಂತು. ಇಂಥ ಸಂರಕ್ಷಿತ ಪ್ರದೇಶ ಮಾಡಿದರೆ ದ್ವೀಪವಾಸಿಗಳು ಮರಳುವುದು ಕಷ್ಟವಾಗುತ್ತದೆ ಎಂದು ಬ್ರಿಟನ್ನಿನ ಅಧಿಕಾರಿ 2009ರಲ್ಲೇ ಹೇಳಿದ್ದಾಗಿ ಅದರಲ್ಲಿ ದಾಖಲಾಗಿತ್ತು. ಇನ್ನೊಂದು ಸಂಗತಿ: ಸೇನಾ ನೆಲೆಯ ಸಾವಿರಾರು ಜನ ಇರುವ ಡಿಯೆಗೊ ಗಾರ್ಸಿಯಾವನ್ನೂ ಅದರ ಸುತ್ತಲಿನ 3 ನಾಟಿಕಲ್ ಮೈಲಿ ನೀರನ್ನೂ ಎಂಪಿಎಯಿಂದ ಹೊರಗೆ ಬಿಟ್ಟಿದ್ದರು. ಅದಕ್ಕೂ ಮುಂಚೆ, 2010ರವರೆಗೆ, ವಿದೇಶಿ ಟ್ಯೂನಾ ಹಡಗುಗಳಿಗೆ ಇದೇ ಆಡಳಿತ ಲೈಸೆನ್ಸ್ ಕೊಡುತ್ತಿತ್ತು.

ಇದು ಅನ್ಯಾಯ. ಹವಳಕ್ಕೆ ರಕ್ಷಣೆ ಬೇಕು, ನೋ-ಟೇಕ್ ನಿಯಮದಿಂದ ಮೀನಿಗೆ, ಶಾರ್ಕ್‌ಗೆ ಉಸಿರಾಡಲು ಜಾಗ ಸಿಕ್ಕಿದೆ, ಎರಡೂ ನಿಜ. ಆದರೆ ಅಲ್ಲಿನ ಕಡಲನ್ನು ಬರಿದು ಮಾಡಿದವರು ಗಾಳದಲ್ಲಿ ಊಟಕ್ಕೆ ಮೀನು ಹಿಡಿಯುತ್ತಿದ್ದ ಚಾಗೋಸಿಯನ್ನರಲ್ಲ. ಅವರನ್ನು ಕೇಳದೆ ಎಳೆದ ಗೆರೆಯನ್ನು ಪರಿಸರದ ಹೆಸರಲ್ಲಿ ಸಮರ್ಥಿಸಿದರೆ ಪರಿಸರದ ಮಾತಿಗೇ ಬೆಲೆ ಹೋಗುತ್ತದೆ.

ಕಾನೂನು ಕೂಡ ಆ ಘೋಷಣೆಯನ್ನು ಒಪ್ಪಲಿಲ್ಲ. 2015ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಡಿ ರಚನೆಯಾದ ನ್ಯಾಯಮಂಡಳಿ, ಮಾರಿಷಸ್‌ನ ಮೀನುಗಾರಿಕೆಯ ಹಕ್ಕುಗಳಿಗೆ ತಕ್ಕ ಗಮನ ಕೊಡದೆ ಘೋಷಿಸಿದ ಈ ಎಂಪಿಎ ಒಪ್ಪಂದಕ್ಕೆ ಅನುಗುಣವಾಗಿಲ್ಲ ಎಂದಿತು. ಕಡಲನ್ನು ಕಾಯುವುದು ತಪ್ಪು ಎಂದು ಅದು ಹೇಳಲಿಲ್ಲ, ತಪ್ಪಿದ್ದು ಮಾಡಿದ ರೀತಿಯಲ್ಲಿ. 2019ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟು, ಬ್ರಿಟನ್ ಆದಷ್ಟು ಬೇಗ ಚಾಗೋಸ್ ಆಡಳಿತ ಬಿಡಬೇಕು ಎಂದಿತು.

2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ದ್ವೀಪಗಳ ಒಡೆತನ ಮಾರಿಷಸ್‌ಗೆ, ಡಿಯೆಗೊ ಗಾರ್ಸಿಯಾದ ನೆಲೆ 99 ವರ್ಷ ಬ್ರಿಟನ್ ಕೈಯಲ್ಲಿ. ಮಾರಿಷಸ್ ಮಾಡುವ ಸಾಗರ ಸಂರಕ್ಷಿತ ಪ್ರದೇಶಕ್ಕೆ ಬ್ರಿಟನ್ ನೆರವಾಗಬೇಕು. ಸಹಿ ಹಾಕುವ ದಿನ ಕೂಡ ಇಬ್ಬರು ಚಾಗೋಸಿಯನ್ ಮಹಿಳೆಯರು ತಮ್ಮನ್ನು ಕೇಳಿಲ್ಲವೆಂದು ಲಂಡನ್ ಕೋರ್ಟಿಗೆ ಹೋಗಿದ್ದರು. ಅವರಿಗೆ ಸಿಕ್ಕ ತಡೆಯಾಜ್ಞೆ ಕೆಲವೇ ಗಂಟೆಗಳಲ್ಲಿ ತೆರವಾಯಿತು.

ಒಪ್ಪಂದದ ಪ್ರಕಾರ ಮಾರಿಷಸ್ ಜನರನ್ನು ಮತ್ತೆ ನೆಲೆಸಲು ಬಿಡಬಹುದಾದದ್ದು ಡಿಯೆಗೊ ಗಾರ್ಸಿಯಾ ಬಿಟ್ಟು ಉಳಿದ ದ್ವೀಪಗಳಲ್ಲಿ. ಹಿಂದೆ ಊರುಗಳಿದ್ದ ಪೆರೋಸ್ ಬಾನ್ಯೋಸ್, ಸಾಲೊಮನ್ ಅಟಾಲ್‌ಗಳು ಅದರಲ್ಲಿ ಸೇರಿವೆ. ತೋಟ, ಮನೆ ಇದ್ದ ದ್ವೀಪಗಳಲ್ಲೇ ಇಲಿಯೂ ಹಾಳುಬಿದ್ದ ತೆಂಗೂ ಉಳಿದಿರುವುದು. ಬ್ರಿಟನ್‌ನಲ್ಲಿರುವ ಕೆಲವು ಚಾಗೋಸಿಯನ್ನರು ಈಗಾಗಲೇ ಸಂರಕ್ಷಣೆಯ ತರಬೇತಿ ಪಡೆದಿದ್ದಾರೆ. ಅಂಥವರು ಮರಳಿದರೆ ಮನೆ ಮಾಡಿಕೊಳ್ಳುವುದಕ್ಕೂ ಹಕ್ಕಿ, ಹವಳ, ಮೀನು ವಾಪಸ್ ಬರುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದೇ: ಇಲಿ ಓಡಿಸುವುದು, ನೆಲ ಹಸನು ಮಾಡುವುದು.