ಸ್ಟೇರಿಂಗ್ ಆಟ ಜಾಸ್ತಿಯಾಗಿದೆ, ಶಾಫ್ಟ್ ಒಂದೇ ಬದಲಾಯಿಸಿದರೆ ಸಾಕಾ?

ಪಾಂಡವಪುರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಹತ್ತಿರ 1998ರ ಜಿಪ್ಸಿ ಇದೆ. ತೋಟಕ್ಕೂ ಅದೇ, ಊರಿಗೂ ಅದೇ. ಮೂರು ತಿಂಗಳಿಂದ ಸ್ಟೇರಿಂಗ್ ಆಟ ಜಾಸ್ತಿಯಾಗಿದೆ. ಗುಂಡಿಗೆ ಇಳಿದರೆ ಕೈಗೆ ಟಕ್ ಅಂತ ಹೊಡೆಯುತ್ತದೆ. ಒಬ್ಬ ಮೆಕ್ಯಾನಿಕ್ ಸ್ಟೇರಿಂಗ್ ಬಾಕ್ಸೇ ಹೋಗಿದೆ ಅಂತಾರೆ. ಇನ್ನೊಬ್ಬರು ಶಾಫ್ಟ್ ಸವೆದಿದೆ, ವೆಲ್ಡಿಂಗ್ ಮಾಡಿ ಕೊಡ್ತೀನಿ ಅಂತಾರೆ. ಯಾರ ಮಾತು ಕೇಳಲಿ ಸಾರ್?"

ವೆಲ್ಡಿಂಗ್ ಮಾತ್ರ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆಟ ಅಂದರೆ ಟೈರ್ ತಿರುಗದೆ ಸ್ಟೇರಿಂಗ್ ಮಾತ್ರ ಸುಮ್ಮನೆ ಅಲ್ಲಾಡುವ ಸಡಿಲ. ಅದು ಇರುವುದು ಬಾಕ್ಸಿನಲ್ಲಾ (ಸ್ಟೇರಿಂಗ್ ತಿರುವನ್ನು ಟೈರಿನ ಕಡೆಗೆ ದಾಟಿಸುವ ಹಲ್ಲುಗಳ ಪೆಟ್ಟಿಗೆ), ಶಾಫ್ಟಿನಲ್ಲಾ ಅನ್ನುವುದನ್ನು ನೀವೇ ಮನೆ ಮುಂದೆ ಹತ್ತು ನಿಮಿಷದಲ್ಲಿ ನೋಡಿಕೊಳ್ಳಬಹುದು. ಅದನ್ನು ನೋಡದೆ ಒಂದು ಬೋಲ್ಟನ್ನೂ ಕೊಳ್ಳಬೇಡಿ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಜಾಕ್ ಹಾಕಬೇಡಿ, ಟೈರ್ ನೆಲದ ಮೇಲೇ ಇರಲಿ. ಮನೆಯವರೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಅಲ್ಲಾಡಿಸುತ್ತಾ ಇರಲು ಹೇಳಿ. ಟೈರ್ ತಿರುಗುವಷ್ಟು ಬೇಡ. ನೀವು ಬಾನೆಟ್ ಎತ್ತಿ, ಕ್ಯಾಬಿನ್‌ನಿಂದ ಸ್ಟೇರಿಂಗ್ ಬಾಕ್ಸಿಗೆ ಹೋಗುವ ಆ ಕಬ್ಬಿಣದ ಕೋಲನ್ನು ಹುಡುಕಿ. ಅದೇ ಶಾಫ್ಟ್. ಅದರ ಜಾಯಿಂಟಿನ ಮೇಲೆ ಎರಡು ಬೆರಳಿಡಿ, ಒಂದು ಜಾಯಿಂಟಿನ ಈಚೆ (ಕ್ಯಾಬಿನ್ ಕಡೆ), ಇನ್ನೊಂದು ಆಚೆ (ಬಾಕ್ಸ್ ಕಡೆ). ಈಚೆ ಬೆರಳಿನ ಕೆಳಗಿನ ಕಬ್ಬಿಣ ಮೊದಲು ತಿರುಗಿ, ಸ್ವಲ್ಪ ತಡೆದು ಆಚೆಯದು ತಿರುಗಿದರೆ ನಿಮ್ಮ ಆಟ ಅಲ್ಲೇ ಇದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ.

ಎರಡೂ ಒಟ್ಟಿಗೆ ತಿರುಗಿದರೆ ಮುಂದಕ್ಕೆ ಹೋಗಿ. ಬಾಕ್ಸಿಗೆ ಒಳಗೆ ಹೋಗುವ ತುದಿ ತಿರುಗುತ್ತಿದೆ, ಬಾಕ್ಸಿನ ಕೆಳಗಿಂದ ಹೊರಬರುವ ಆರ್ಮ್ ಅಲ್ಲಾಡುತ್ತಿಲ್ಲ ಅಂದರೆ ಬಾಕ್ಸಿನ ಒಳಗೆ ಸವೆದಿದೆ. ಆರ್ಮೂ ಅಲ್ಲಾಡುತ್ತಿದೆ ಅಂದರೆ ಅಲ್ಲಿಂದ ಟೈರುಗಳ ಕಡೆಗೆ ಹೋಗುವ ಸರಳುಗಳ, ಅಂದರೆ ಡ್ರ್ಯಾಗ್ ಲಿಂಕ್, ಟೈ ರಾಡ್‌ಗಳ ತುದಿಗಳನ್ನು ಹೀಗೇ ಬೆರಳಿಟ್ಟು ನೋಡಿ. ಬಾಕ್ಸನ್ನು ಚಾಸಿಗೆ ಕಟ್ಟಿರುವ ಬೋಲ್ಟುಗಳನ್ನೂ ನೋಡಿ. ಕಲ್ಲು ದಾರಿಯಲ್ಲಿ ಓಡಿದ ಗಾಡಿಯಲ್ಲಿ ಬಾಕ್ಸೇ ಅಲುಗುತ್ತಿರುವುದು ಅಪರೂಪವೇನಲ್ಲ. ಮುಂದಿನ ಟೈರ್ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ನೋಡುವಾಗ ಮಾತ್ರ ಜಾಕ್ ಬೇಕು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕೊಳಕೊಳ ಅನ್ನಬಾರದು. ಹಾಗೇನಾದರೂ ಅಂದರೆ ವ್ಹೀಲ್ ಬೇರಿಂಗನ್ನೂ ಜೊತೆಗೇ ನೋಡಿಸಿ.

ನನ್ನ ಜೀಪಿಗೂ ಇದೇ ಕಾಯಿಲೆ ಬಂದಿತ್ತು. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಬಾಕ್ಸ್ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ತಿರುವಿ, ಬಿಗಿ ಮಾಡಿ ಕಳಿಸಿದರು. ಒಂದು ವಾರ ಆರಾಮಾಗಿತ್ತು. ಆಮೇಲೆ ತಿರುವು ದಾಟಿದ ಮೇಲೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ಬಾಕ್ಸಿನ ಹಲ್ಲುಗಳು ನಟ್ಟನಡುವೆ, ಅಂದರೆ ಗಾಡಿ ನೇರ ಹೋಗುವಾಗ, ತುಂಬಾ ಹತ್ತಿರ ಕೂರುತ್ತವೆ. ಸ್ಕ್ರೂವನ್ನು ಇನ್ನೂ ಬಿಗಿದರೆ ಆ ನಡುವಿನ ಹಲ್ಲುಗಳೇ ಒಂದನ್ನೊಂದು ತಿನ್ನುತ್ತವೆ. ಆಟ ಇದ್ದದ್ದು ಶಾಫ್ಟಿನ ಕ್ರಾಸ್‌ನಲ್ಲಿ, ಅಂದರೆ ಕೂಡು ಗುರುತಿನ (+) ಆಕಾರದ ತುಂಡಿರುವ ಜಾಯಿಂಟಿನಲ್ಲಿ. ಸುಮ್ನೆ ಚೆನ್ನಾಗಿದ್ದ ಬಾಕ್ಸಿಗೆ ಪೆಟ್ಟು ಬಿತ್ತು. ಅದಕ್ಕೇ ಬೆರಳಿಟ್ಟು ನೋಡಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಶಾಫ್ಟ್ ಸವೆಯುವ ಜಾಗಗಳು ಮೂರು. ಒಂದು, ಕ್ರಾಸ್ ಜಾಯಿಂಟ್. ಅದರ ಸೂಜಿ ಬೇರಿಂಗ್‌ಗಳಲ್ಲಿ ಗ್ರೀಸ್ ಒಣಗಿ ನೀರು ಸೇರಿದರೆ ಬೇರಿಂಗ್ ಕಪ್ (ಬಟ್ಟಲಿನಂಥ ಹೊರಚಿಪ್ಪು) ಸುತ್ತ ಕುಂಕುಮದ ಹಾಗೆ ಕೆಂಪು ಪುಡಿ ಕಾಣುತ್ತದೆ. ಅದು ಕಬ್ಬಿಣ ಕಬ್ಬಿಣವನ್ನು ತೇಯ್ದ ಪುಡಿ. ಗದ್ದೆ ಕೆಸರಲ್ಲಿ ಇಳಿದು, ನಾಲೆ ನೀರಲ್ಲಿ ತೊಳೆಸಿಕೊಂಡ ಗಾಡಿಗಳಲ್ಲಿ ಇದು ಬೇಗ ಬರುತ್ತದೆ. ಎರಡು, ರಬ್ಬರ್ ಕಪ್ಲಿಂಗ್ ಇರುವ ಶಾಫ್ಟಾದರೆ ಆ ರಬ್ಬರ್. ಎಂಜಿನ್ ಬಿಸಿಗೆ, ಸೋರಿದ ಆಯಿಲ್‌ಗೆ ಸಿಕ್ಕಿ, ನೀರು ಕಾಣದ ಗದ್ದೆಯ ಹಾಗೆ ಬಿರುಕು ಬಿಟ್ಟಿರುತ್ತದೆ. ಮೂರು, ಶಾಫ್ಟ್ ತುದಿಯ ಹಲ್ಲುಗಳು. ಆ ತುದಿಯನ್ನು ಬಿಗಿದು ಹಿಡಿಯುವ ಕ್ಲ್ಯಾಂಪ್ ಬೋಲ್ಟ್ ಸಡಿಲವಾಗಿದ್ದರೂ ಹಾಗೇ ಓಡಿಸಿದವರ ಗಾಡಿಯಲ್ಲಿ ಇವು ಹೋಗಿರುತ್ತವೆ. ಒಮ್ಮೆ ಹಲ್ಲು ಸವೆದರೆ ಬೋಲ್ಟ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಎಷ್ಟು ಆಟ ಇದ್ದರೆ ಜಾಸ್ತಿ? ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ ಆಟ 30 ಡಿಗ್ರಿ ದಾಟಬಾರದು. 38 ಸೆಂಟಿಮೀಟರ್ ಅಗಲದ ಚಕ್ರವಾದರೆ ಅಂಚಿನಲ್ಲಿ ಸುಮಾರು 10 ಸೆಂಟಿಮೀಟರ್ ಆಯಿತು. ಇದು ಕಾನೂನಿನ ಕೊನೆಯ ಗೆರೆ ಅಷ್ಟೇ. ಅಷ್ಟು ಆಟ ಇಟ್ಟುಕೊಂಡು ವಿ.ಸಿ. ನಾಲೆ ಏರಿ ಮೇಲೆ ಹೋಗುವಾಗ ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದರೆ ಏನು ಮಾಡುತ್ತೀರಿ? ನನ್ನ ಮಟ್ಟಿಗೆ ಮೂರು ಸೆಂಟಿಮೀಟರ್ ದಾಟಿದರೆ ಗಾಡಿ ಗ್ಯಾರೇಜಿಗೆ ಹೋಗಬೇಕು.

ಶಾಫ್ಟೇ ಅಂತ ಖಾತ್ರಿಯಾಯಿತು ಅನ್ನೋಣ. ಹಾಗಾದರೆ ಅದೊಂದನ್ನೇ ಬದಲಾಯಿಸಿದರೆ ಸಾಕು, ಬಾಕ್ಸ್ ಮುಟ್ಟಬೇಕಿಲ್ಲ. ಕೆಲಸ ದೊಡ್ಡದಲ್ಲ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮುಂದಿನ ಟೈರ್‌ಗಳನ್ನು ನೇರ ಮಾಡಿ, ಸ್ಟೇರಿಂಗ್ ಅಲುಗದಂತೆ ಹಗ್ಗದಲ್ಲಿ ಸೀಟಿಗೆ ಕಟ್ಟಿ. ಶಾಫ್ಟ್ ಎಲ್ಲಿ ಕೂತಿದೆ ಅಂತ ಎರಡು ತುದಿಗೂ ಬಿಳಿ ಪೇಂಟಿನ ಗೆರೆ ಎಳೆಯಿರಿ. ಕ್ಲ್ಯಾಂಪ್ ಬೋಲ್ಟನ್ನು ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಶಾಫ್ಟಿನಲ್ಲಿ ಒಂದು ಕಚ್ಚು ಇರುತ್ತದೆ, ಬೋಲ್ಟ್ ಅದರೊಳಗೇ ಹಾದು ಹೋಗಿ ಶಾಫ್ಟ್ ಜಾರದಂತೆ ಹಿಡಿದಿರುತ್ತದೆ. ಇದು ಗೊತ್ತಿಲ್ಲದೆ ಸುತ್ತಿಗೆಯಲ್ಲಿ ಬಾರಿಸಿದರೆ ಏಟು ನೇರವಾಗಿ ಬಾಕ್ಸಿನ ಬೇರಿಂಗಿಗೆ ಬೀಳುತ್ತದೆ.

ಹೊಸ ಶಾಫ್ಟ್ ಕೂರಿಸುವಾಗಲೂ ಆ ಕಚ್ಚೇ ಮುಖ್ಯ. ಬೋಲ್ಟ್ ಬೆರಳಲ್ಲಿ ತಿರುವಿದರೆ ಒಳಗೆ ಹೋಗಬೇಕು. ಹೋಗದಿದ್ದರೆ ಶಾಫ್ಟ್ ಪೂರ್ತಿ ಕೂತಿಲ್ಲ ಅಂತ ಅರ್ಥ, ಸ್ಪಾನರ್ ಹಾಕಿ ತುರುಕಬೇಡಿ. ಎರಡು ಕ್ರಾಸ್ ಇರುವ ಶಾಫ್ಟಾದರೆ ನಡುವಿನ ಕೋಲಿನ ಎರಡೂ ತುದಿಯ ಕವೆಗಳು (ಕ್ರಾಸನ್ನು ಹಿಡಿದಿರುವ ಕವಲುಗಳು) ಒಂದೇ ಸಾಲಿಗೆ ಇರಬೇಕು. ತಪ್ಪಿದರೆ ಪ್ರತಿ ಸುತ್ತಿನಲ್ಲೂ ಸ್ಟೇರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ ಆಗುತ್ತದೆ. ಹೊಸ ಬೋಲ್ಟ್ ಹಾಕಿಸಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ (ಬಿಗಿಯುವ ಬಲದ ಅಳತೆ) ಕೊಡಿಸಿ.

ಈಗ ವೆಲ್ಡಿಂಗ್ ವಿಷಯ. ಸವೆದ ಜಾಗಕ್ಕೆ ಒಂದು ಟಾಕಿ ಹಾಕಿದರೆ ಆಟ ಅವತ್ತೇ ಹೋಗುತ್ತದೆ, ಅದಕ್ಕೇ ಜನ ಒಪ್ಪುತ್ತಾರೆ. ಆದರೆ ಬಿಸಿಗೆ ಸುತ್ತಲಿನ ಉಕ್ಕಿನ ಗುಣವೇ ಬದಲಾಗಿ ಅದು ಪೆಡಸಾಗಬಹುದು. ಪ್ರತಿ ಗುಂಡಿಯ ಏಟೂ ಅಲ್ಲಿಗೇ ಬೀಳುತ್ತದೆ. ಒಂದು ದಿನ ಸೀಳಿದರೆ ಕೈಯಲ್ಲಿ ಚಕ್ರ ಸುಮ್ಮನೆ ಸುತ್ತುತ್ತದೆ, ಟೈರ್ ತನ್ನ ದಾರಿ ಹಿಡಿಯುತ್ತದೆ. ಇನ್ನೊಂದು ಮಾತು: ಎಷ್ಟೋ ಶಾಫ್ಟುಗಳು ಒಂದರೊಳಗೊಂದು ಜಾರುವ ಹಾಗೆ ಇರುತ್ತವೆ. ಮುಂದೆ ಡಿಕ್ಕಿಯಾದಾಗ ಸ್ಟೇರಿಂಗ್ ಓಡಿಸುವವರ ಎದೆಗೆ ನುಗ್ಗದೆ ಶಾಫ್ಟ್ ಒಳಗೆ ಕುಗ್ಗಲಿ ಅಂತ ಆ ಏರ್ಪಾಡು. ಅದನ್ನು ಬೆಸೆದುಬಿಟ್ಟರೆ ಆ ರಕ್ಷಣೆ ಹೋಯಿತು. ನಿಮಗೆ ವೆಲ್ಡಿಂಗ್ ಹೇಳಿದವರು ದುಡ್ಡು ಉಳಿಸಿಕೊಡೋಣ ಅಂತಲೇ ಹೇಳಿರಬಹುದು. ಆದರೂ ಒಪ್ಪಬೇಡಿ. ಗುಜರಿಯಿಂದ ಹಳೇ ಶಾಫ್ಟ್ ತರುವುದೂ ನನಗೆ ಇಷ್ಟವಿಲ್ಲ. ನಿಮ್ಮದಷ್ಟೇ ವಯಸ್ಸಾದ ಗಾಡಿಯ ಶಾಫ್ಟ್ ನಿಮ್ಮದಷ್ಟೇ ಸವೆದಿರುತ್ತದೆ, ಅಲ್ವಾ?

ಎಲ್ಲ ಮುಗಿದ ಮೇಲೆ ಎಂಜಿನ್ ಶುರು ಮಾಡಿ, ನಿಂತಲ್ಲೇ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸ್ಟೇರಿಂಗ್ ತಿರುಗಿಸಿ. ಶಾಫ್ಟ್ ಯಾವ ಪೈಪಿಗೂ ವೈರಿಗೂ ತಾಗಬಾರದು. ಮೊದಲ ಓಟ ಖಾಲಿ ಮೈದಾನದಲ್ಲಿ, ನಿಧಾನಕ್ಕೆ. ಹೈವೇಗೆ ನೇರ ಹೋಗಬೇಡಿ. ಕ್ಲ್ಯಾಂಪ್ ಬೋಲ್ಟಿನ ತಲೆಯಿಂದ ಜಾಯಿಂಟಿನವರೆಗೆ ಒಂದು ಬಿಳಿ ಗೆರೆ ಎಳೆದಿಡಿ. ಒಂದು ವಾರ, ಬೆಳಿಗ್ಗೆ ಆಯಿಲ್ ನೋಡುವಾಗ ಅದನ್ನೂ ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ, ಅವತ್ತು ಗಾಡಿ ಹೊರಗೆ ತೆಗೆಯಬೇಡಿ.